ಉಸುಕಿನ ಹಗೇವು ತುಂಬಿದ ಹಂಪಮ್ಮನವರಿಗೆ

ದೇವದುರ್ಗ ತಾಲ್ಲೂಕು
ಮೇ 43, 2191

ಪೂಜ್ಯ ಹಂಪಮ್ಮನವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ತಾಯಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಬಿಸಿಲು ನಲವತ್ತು ಡಿಗ್ರಿಗಿಂತ ಕೆಳಗಿಳಿಯುವವರೆಗೆ ನಮ್ಮಲ್ಲಿ ಜೂನ್ ಶುರುವಾಗುವುದಿಲ್ಲ. ಮೇ ತಿಂಗಳನ್ನೇ ಎಳೆಯುತ್ತಾ ಹೋಗುತ್ತೇವೆ. ಶಾಲೆ, ಮದುವೆ, ಜಗಳದ ಪಂಚಾಯಿತಿ ಎಲ್ಲವೂ ಜೂನ್ ಬಂದ ಮೇಲೆಯೇ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ.

ನಿಮ್ಮ ಕಾಲದಲ್ಲಿ ಭೂಮಿಯ ಬಿಸಿ ವರ್ಷವರ್ಷವೂ ಹಳೆಯ ದಾಖಲೆ ಮುರಿಯುತ್ತಿತ್ತೆಂದೂ, ಪೇಪರಿನಲ್ಲಿ ಅದನ್ನೋದಿ ಜನ ಪುಟ ತಿರುವುತ್ತಿದ್ದರೆಂದೂ ನಿಮ್ಮ ದಿನಚರಿಯಲ್ಲಿದೆ. ನೀವು ಸುಮ್ಮನೆ ಕೂರಲಿಲ್ಲ. ಬಿಸಿಲಿನ ಕಾವನ್ನು ಕೂಡಿಡಲೆಂದು, ಜೋಳ ತುಂಬಿಡುತ್ತಿದ್ದ ನೆಲದಡಿಯ ಹಳೆಯ ಹಗೇವಿಗೆ ಉಸುಕು ತುಂಬಿ, ಸೌರಫಲಕದ ಕರೆಂಟಿನಿಂದ ಅದನ್ನು ಕಾಯಿಸಿದಿರಿ. ಮೊದಲ ಸಲ ಒಂದು ಚರಿಗೆ ನೀರೂ ಕುದಿಯಲಿಲ್ಲವಂತೆ. "ಉಸುಕು ಹುರಿಯಾಕ ಹತ್ತೀಯಲ್ಲ, ನಾಕು ಶೇಂಗಾನಾರ ಹಾಕು, ತಿನ್ನಾಕಾದ್ರೂ ಆಗ್ತಾವ" ಎಂದು ನಿಮ್ಮ ಯಜಮಾನರು ಛೇಡಿಸಿದ್ದನ್ನೂ ಬರೆದಿಟ್ಟಿದ್ದೀರಿ. ಓದಿದಾಗಲೆಲ್ಲ ನಗುತ್ತೇನೆ. ಹಾಗೆಂದವರೇ ಮೂರು ವರ್ಷ ನಿಮ್ಮ ಜೊತೆ ಉಸುಕು ಹೊತ್ತರಲ್ಲ, ಅವರಿಗೂ ನನ್ನ ನಮಸ್ಕಾರ ಹೇಳಿ.

ಈಗ ಅದೇ ಹಗೇವು ನಮ್ಮ ತಂಪುಮನೆಯನ್ನು ನಡೆಸುತ್ತಿದೆ. ತಂಪುಮನೆಯೆಂದರೆ ಮೇ ತಿಂಗಳ ಮಧ್ಯಾಹ್ನ ಊರೆಲ್ಲ ಬಂದು ಕೂರುವ ಹಜಾರ. ಸೊಪ್ಪು ಸೋಸುವುದು, ಹರಟೆ, ಗೊರಕೆ ಎಲ್ಲ ಅಲ್ಲೇ. ಚಳಿಗಾಲದ ಬಿಸಿಲಿನಲ್ಲಿ ಕಾಯಿಸಿ ಮುಚ್ಚಿಟ್ಟ ಉಸುಕಿನ ಕಾವೇ ಅಲ್ಲಿನ ತಂಪು ಮಾಡುವ ಯಂತ್ರವನ್ನು ಓಡಿಸುತ್ತದೆ, ಕರೆಂಟು ಬೇಕಿಲ್ಲ.

ಮೇ 32ರಂದು ನನ್ನ ಮಗಳಿಗೆ ಎಂಟನೇ ತಿಂಗಳಲ್ಲೇ ಹೆರಿಗೆಯಾಯಿತು. ಹೊರಗೆ ಐವತ್ತೆರಡು ಡಿಗ್ರಿ. ಮರುದಿನ ದೂಳುಗಾಳಿ ಎದ್ದು ಸೂರ್ಯನೇ ಕಾಣದಾದ, ಸೌರಫಲಕಗಳೆಲ್ಲ ಕೈಕೊಟ್ಟವು. ಆಸ್ಪತ್ರೆಗೆ ಹೋಗಲು ದಾರಿಯೂ ಇರಲಿಲ್ಲ. ಅಂಗೈಯಗಲದ ಕೂಸು, ಅಳಲೂ ತ್ರಾಣವಿರಲಿಲ್ಲ. ಹತ್ತು ದಿನ ನಿಮ್ಮ ಹಗೇವೊಂದೇ ತಂಪುಮನೆಯಲ್ಲಿದ್ದ ಅದರ ಕೋಣೆಯನ್ನು ತಂಪಾಗಿಟ್ಟಿತು. ಇಂದು ಬೆಳಿಗ್ಗೆ ಗಾಳಿ ನಿಂತಿದೆ. ಕೂಸು ಮೊದಲ ಸಲ ತಾಯಿಯ ಎದೆಗೆ ಬಾಯಿಟ್ಟು ಹಾಲು ಕುಡಿಯಿತು. ನಾನು ನಿಮ್ಮನ್ನು ನೆನೆದು ಮನಸಾರೆ ಅತ್ತೆ.

ಅವ್ವಾ, ಇಷ್ಟು ಉಪಕಾರ ಪಡೆದೂ ಇನ್ನೊಂದು ಬೇಡುತ್ತಿದ್ದೇನೆ, ಬೈಯಬೇಡಿ. ರಟ್ಟೆಯಲ್ಲಿ ಶಕ್ತಿ ಇರುವಾಗಲೇ ಹಳ್ಳದಾಚೆಯ ಊರಿನಲ್ಲೂ ಒಂದು ಹಗೇವು ತುಂಬಿಸಿ. ಅಲ್ಲಿಯೂ ಅದೇ ವಾರ ಒಂದು ಕೂಸು ಹುಟ್ಟಿತ್ತು.