ಹಿತ್ತಲ ಗೋಡೆಯ ಜೇನು

ಕಮಲಾಪುರ
ಭಾದ್ರಪದ ಶುದ್ಧ ದಶಮಿ, ಫಸಲಿ ೧೩೩೧

ಪ್ರೀತಿಯ ಮಗ ಸಾಯಬಣ್ಣನಿಗೆ,

ಕಲಬುರಗಿಯ ಧೂಳಿಗೆ ನಿನ್ನ ಕೆಮ್ಮು ಇನ್ನೂ ಇಳಿದಿಲ್ಲವೆಂದು ಕೇಳಿದೆ. ಬಿಸಿನೀರನ್ನೇ ಕುಡಿ. ನಾನು ಗಟ್ಟಿಯಾಗಿದ್ದೇನೆ. ಈ ಮನೆಯಲ್ಲಿ ನೆಟ್ಟಗಿಲ್ಲದ್ದು ಒಂದೇ, ನಿನ್ನ ದೌಲಪ್ಪ ಕಾಕನ ಬುದ್ಧಿ.

ಕಚೇರಿಯಲ್ಲಿ ಪೇಶಕಾರಿಕೆಯ ನೌಕರಿ ಮುಗಿಸಿ ಊರಿಗೆ ಬಂದ ಮಹಾಶಯ, ಆಳಲು ಬೇರೆ ಯಾರೂ ಸಿಗದೆ ನಮ್ಮ ಹಿತ್ತಲನ್ನೇ ಆಳತೊಡಗಿದ. “ಹಿತ್ತಲ ಅಂದ್ರ ಕಚೇರಿ ಹಂಗ ಸಾಫ್ ಇರಬೇಕ್ರಿ ವೈನಿ” ಎಂದು ಹೂಬಿಟ್ಟ ತುಳಸಿ, ಸಬ್ಬಸಿಗೆ ಎಲ್ಲವನ್ನೂ ಕೀಳಿಸಿದ. ನಿನ್ನ ಅಜ್ಜನ ಕಾಲದಿಂದ ಮಣ್ಣುಗೋಡೆಯ ಬಿರುಕಿನಲ್ಲಿ ಕುಟುಕದ ಸಣ್ಣ ಜೇನು ಇತ್ತಲ್ಲ, ಅದಕ್ಕೆ ಹೊಗೆ ಹಾಕಿಸಿ ಗಚ್ಚು ಮೆತ್ತಿಸಿದ. ಯಾರಿಗೂ ಏನೂ ಮಾಡದ ಆ ಹುಳಕ್ಕೆ ಹೆದರಿ, ರುಮಾಲನ್ನು ಮೂಗಿನವರೆಗೂ ಸುತ್ತಿಕೊಂಡು ನಿಂತಿದ್ದ ಶೂರನನ್ನು ನೀನು ನೋಡಬೇಕಿತ್ತು!

ಆಮೇಲೆ ಕುಂಬಳದ ಬಳ್ಳಿ ತುಂಬ ಹೂವೇ ಹೂವು, ಆದರೆ ಪೀಚುಗಳೆಲ್ಲ ಹಳದಿಯಾಗಿ ಉದುರಿದವು. ಹೂವಿನಿಂದ ಹೂವಿಗೆ ಹುಡಿ ಒಯ್ಯುವ ಜೀವವನ್ನೇ ಓಡಿಸಿದರೆ ಕಾಯಿ ಎಲ್ಲಿಂದ ಕಟ್ಟೀತು? ಹೇಳಿದರೆ ನಕ್ಕ. ಅವನಿಗೆ ಬೇರೆ ಕಾರಣ ಸಿಕ್ಕಿತ್ತು. ನಿನ್ನ ತಮ್ಮ ತೀರಿ ವರುಷ ತುಂಬಿಲ್ಲ, ಅವನ ಹೆಂಡತಿ ಶಂಕ್ರಮ್ಮನನ್ನು ತೋರಿಸಿ, “ಇಕಿ ನೆರಳ ಬಿದ್ದೇ ಕಾಯಿ ಉದರಾಕತ್ಯಾವ. ಇನ್ನ ಹಿತ್ತಲದಾಗ ಕಾಲ ಇಡಬಾರ್ದು” ಎಂದುಬಿಟ್ಟ. ಹುಡುಗಿ ಅಂದಿನಿಂದ ಸರಿಯಾಗಿ ಉಣ್ಣಲಿಲ್ಲ.

ನನಗೆ ಮೈ ಉರಿಯಿತು. ಮರುದಿನ ಬೆಳಗ್ಗೆ ಅವಳ ಕೈಹಿಡಿದೇ ಹಿತ್ತಲಿಗೆ ಕರೆದೊಯ್ದೆ. ಗಂಡು ಹೂ ಕಿತ್ತು, ಎಸಳು ಬಿಡಿಸಿ, ಅದರ ಹುಡಿಯನ್ನು ಹೆಣ್ಣು ಹೂಗಳಿಗೆ ಅವಳಿಂದಲೇ ಮುಟ್ಟಿಸಿದೆ. ಅವಳು ಮುಟ್ಟಿದವೆಲ್ಲ ಕಾಯಿ ಕಟ್ಟಿ ಈಗ ತೆಂಗಿನಕಾಯಿಯಷ್ಟಾಗಿವೆ, ಮುಟ್ಟದವು ಉದುರಿದವು. ಓಣಿಯವರ ಮುಂದೆಯೇ ಕಾಕನನ್ನು ಕರೆದು ತೋರಿಸಿದೆ. ಆ ಜಾಣ ಏನಂದ ಗೊತ್ತೇ? “ನಾ ಗ್ವಾಡಿಗಿ ಗಚ್ಚ ಮೆತ್ತಿಸಿದ್ದು ಈಗ ಫಲಾ ಕೊಟ್ಟದ ನೋಡ್ರಿ!” ಪಕ್ಕದ ಮನೆಯ ಮಸ್ತಾನಬಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು.

ಶಂಕ್ರಮ್ಮ ಅಂದು ಎಷ್ಟೋ ತಿಂಗಳ ಮೇಲೆ ನಕ್ಕಳು. ತಾನೇ ಕುಡುಗೋಲು ಹಿಡಿದು ಗೋಡೆಯ ಗಚ್ಚನ್ನು ಕೆತ್ತಿ ತೆಗೆದಳು, ಮತ್ತೆ ಸಬ್ಬಸಿಗೆ ಬಿತ್ತಿದಳು. ಜೇನು ಇನ್ನೂ ಮರಳಿಲ್ಲ. ಮರಳುವತನಕ ಅದರ ಕೆಲಸ ಅವಳದು.

ಸೊಸೆಗೂ ಮಕ್ಕಳಿಗೂ ನಾನು ಕೇಳಿದೆನೆಂದು ಹೇಳು. ಶರಣಬಸಪ್ಪ ನಿಮ್ಮೆಲ್ಲರ ಬೆನ್ನಿಗಿರಲಿ.

ನಿನ್ನ ಅವ್ವ,
ನೀಲಗಂಗಮ್ಮ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಶಂಕ್ರಮ್ಮನನ್ನು ಕರೆದೊಯ್ಯಿರೆಂದು ನಿನ್ನ ಕಾಕ ಅವಳ ತವರಿಗೆ ಹೇಳಿ ಕಳಿಸಿದ್ದಾನೆ. ಸೋಮವಾರ ಬರುತ್ತಾರಂತೆ; ಅವಳಿಗೆ ಹೋಗುವ ಮನಸ್ಸಿಲ್ಲ. ಭಾನುವಾರವೇ ಬಾ. ಬಂದು, “ಇಕಿ ಎಲ್ಲೀಗೂ ಹೋಗಂಗಿಲ್ಲ” ಎಂದು ಬಾಯಿಬಿಟ್ಟು ಹೇಳು. ಕಾಕನ ಮುಂದೆ ತಲೆತಗ್ಗಿಸಿ ಕೂರುವುದಾದರೆ ಬರಲೇಬೇಡ, ಆ ಮಾತು ನಾನೇ ಹೇಳುತ್ತೇನೆ.