ಮೂರನೇ ಗುಂಪಿನ ಇಲಿಗಳು

ಮಾರ್ಚ್ 3, ಬೆಳಗ್ಗೆ 9
ಮತ್ತೆ ಬಾಲ, ಮತ್ತೆ ಸೂಜಿ. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಲ್ಲಿ ಎಲೆಯ ಎಕ್ಸ್‌ಟ್ರಾಕ್ಟ್, ಅಂದರೆ ಸಾರ, ಕೊಡುತ್ತಿರುವುದು ಮೂರನೇ ಗುಂಪಿಗೆ. ರಕ್ತದ ಸಕ್ಕರೆ 310 ಇದ್ದದ್ದು 148. ಮೂರೇ ವಾರದಲ್ಲಿ. ಪ್ರೊಫೆಸರ್ ಉಬ್ಬಿಹೋದರು. ನನಗೇಕೋ ಅನುಮಾನ… ಇಷ್ಟು ಸಲೀಸಾಗಿ ಯಾವ ಸೊಪ್ಪೂ ಮಾತು ಕೇಳುವುದಿಲ್ಲ.

ಮಾರ್ಚ್ 5
ಜೂನಿಯರ್ ಮೇಲೆ ಕಣ್ಣಿಟ್ಟಿದ್ದೇನೆ. ಎಕ್ಸ್‌ಟ್ರಾಕ್ಟ್ ಬಾಟಲಿ ಅವಳ ಕೈಯಲ್ಲೇ. ಥೀಸಿಸ್ ಅವಸರ ಬೇರೆ. ಶುಗರ್ ಮಾತ್ರೆ ಪುಡಿ ಮಾಡಿ ಬೆರೆಸಿದರೆ ಯಾರಿಗೆ ಗೊತ್ತಾಗುತ್ತದೆ? ಇವತ್ತಿನಿಂದ ಬಾಟಲಿ ಬೀರುವಿನಲ್ಲಿ, ಕೀಲಿ ನನ್ನ ಪರ್ಸಿನಲ್ಲಿ. ಅವಳು ಯಾಕೆಂದು ಕೇಳಲೂ ಇಲ್ಲ. ಅದೂ ಅನುಮಾನವೇ.

ಮಾರ್ಚ್ 6, ಸಂಜೆ
ಇಷ್ಟೆಲ್ಲ ಅನುಮಾನ ಪಡುವ ನಾನೇ ಹತ್ತು ದಿನದಿಂದ ಅದೇ ಬಾಟಲಿಯಿಂದ ಶುಗರ್ ಇರುವ ಅಕ್ಕನಿಗೆ ದಿನಾ ಎರಡು ಚಮಚ ಕೊಡುತ್ತಿದ್ದೇನೆ. ಲ್ಯಾಬಿನಲ್ಲಿ ಯಾರಿಗೂ ಗೊತ್ತಿಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡ ಎಂದಿದ್ದೇನೆ. 260 ಇದ್ದದ್ದು ಇವತ್ತು 122. ಬೆರಕೆಯಾಗಿದ್ದರೆ ಅವಳಿಗೆ ದುಪ್ಪಟ್ಟು ಡೋಸ್! ಭಯವಾಗುತ್ತಿದೆ. ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಕಳಿಸಿದೆ. ವರದಿ ಬರುವವರೆಗೆ ನಿಲ್ಲಿಸು ಎನ್ನಬೇಕಿತ್ತು — ಅವಳ ಖುಷಿ ನೋಡಿ ಬಾಯಿ ಬರಲಿಲ್ಲ.

ಮಾರ್ಚ್ 14, ಬೆಳಗ್ಗೆ 11
ವರದಿ ಬಂತು. ಬೆರಕೆ ಇಲ್ಲ. ಹಾಗಾದರೆ ಇಳಿದದ್ದು ಹೇಗೆ? ಪಂಜರ ತೊಳೆಯುವವರನ್ನು ಕೇಳಿದೆ. ಹನ್ನೆರಡು ವರ್ಷದಿಂದ ಇಲ್ಲೇ ಇದ್ದಾರೆ, ಅವರನ್ನು ಯಾರೂ ಏನೂ ಕೇಳುವುದಿಲ್ಲ.
"ಅವು ತಿಂದ್ರೆ ತಾನೇ ಮೇಡಂ? ಹಾಕಿದ್ದು ಮುಕ್ಕಾಲು ಹಾಗೇ ಇರುತ್ತೆ. ದಿನಾ ಚೆಲ್ತಾ ಇದ್ದೀನಿ."
ಜೂನಿಯರ್ ವಾರವಾರವೂ ಇಲಿಗಳ ತೂಕ ಬರೆದಿಟ್ಟಿದ್ದಾಳೆ. ಇಳಿಯುತ್ತಲೇ ಹೋಗಿದೆ. ಅವಳ ಕೈ ಕಾಯುತ್ತಿದ್ದೆ, ಅವಳ ಪುಸ್ತಕ ತೆರೆದಿರಲಿಲ್ಲ. ನಾಚಿಕೆಗೇಡು. ಗಂಟಲಿಗೆ ನಳಿಕೆ ಇಳಿಸಿದರೆ ಒದ್ದಾಡುತ್ತವೆ, ಎಕ್ಸ್‌ಟ್ರಾಕ್ಟನ್ನು ಆಹಾರದಲ್ಲೇ ಕಲಸೋಣ ಎಂದವಳು ನಾನೇ. ಕಹಿಗೆ ಸರಿಯಾಗಿ ಮೂತಿಯೇ ಇಟ್ಟಿಲ್ಲ. ಸಕ್ಕರೆ ಇಳಿಸಿದ್ದು ಎಲೆಯಲ್ಲ, ಉಪವಾಸ.
ಅಕ್ಕನ ರವಿಕೆ ಮೊನ್ನೆ ಸಡಿಲವಾಗಿತ್ತು… ಫೋನ್ ಎತ್ತುತ್ತಿಲ್ಲ.

ಸಂಜೆ 4, ಆಸ್ಪತ್ರೆ
ಅಕ್ಕನ ಮನೆಗೆ ಹೋದಾಗ ಸೋಫಾದ ಮೇಲೆ ಬೆವರಿ ಒದ್ದೆಯಾಗಿ ಬಿದ್ದಿದ್ದಳು. ಶುಗರ್ ಮೀಟರ್‌ನಲ್ಲಿ ಬರೀ 48. ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿದೆ. ಎರಡು ವಾರದಿಂದ ಬಾಯೆಲ್ಲ ಕಹಿ, ಊಟವೇ ಸೇರುತ್ತಿಲ್ಲವಂತೆ. ಮಾತ್ರೆ ಮಾತ್ರ ತಪ್ಪಿಸಿಲ್ಲ, ನಾನು ಹೇಳಿದ್ದೆನಲ್ಲ. ಎಷ್ಟು ಬಂತು ಎಂದು ಕೇಳಿದಳು. ಹೇಳಿದೆ.
"ನಲವತ್ತೆಂಟಾ? ಗೆದ್ದುಬಿಟ್ಟೆ ಕಣೇ ನೀನು."
ಅಳು ತಡೆಯಲಾಗಲಿಲ್ಲ.
ಮಾತ್ರೆ ಬಿಟ್ಟು ಬೇರೇನಾದರೂ ತೆಗೆದುಕೊಂಡಿರಾ ಎಂದರು ಡಾಕ್ಟರ್. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಇಲ್ಲ ಎಂದಳು. ನನ್ನ ಕೆಲಸ ಹೋದೀತೆಂದು. ಅವರು ಹಾಗೇ ಬರೆದುಕೊಂಡು ಹೊರಗೆ ಹೋದರು. ಇನ್ನೂ ಕಾರಿಡಾರಿನಲ್ಲೇ ನಿಂತಿದ್ದಾರೆ, ಕಾಣುತ್ತಿದ್ದಾರೆ. ಅಕ್ಕ ಬೇಡ ಎಂದು ತಲೆಯಾಡಿಸುತ್ತಿದ್ದಾಳೆ. ಏಳುತ್ತೇನೆ. ಈಗಲೇ—