ಆರನೇ ಹಾಡನ್ನು ತಿದ್ದಬೇಡಿ

ಹುಬ್ಬಳ್ಳಿ
ಫೆಬ್ರವರಿ ಮೂವತ್ತು, ೨೧೯೮

‘ಹರಕು ಸ್ಪೀಕರ್’ ಬ್ಯಾಂಡಿನ ಹಾಡುಗಾರ್ತಿ ದಾನೇಶ್ವರಿ ಕುಂದಗೋಳ ಅವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ತಿಂಗಳುಗಳನ್ನೂ ಸಮ ಮಾಡಿಬಿಟ್ಟಿದ್ದಾರೆ; ಎಲ್ಲಕ್ಕೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ಬಿದ್ದುಕೊಂಡಿರುತ್ತವೆ. ಆಗ ಹುಟ್ಟಿದ ಮಕ್ಕಳಿಗೆ ಹುಟ್ಟುಹಬ್ಬವೇ ಇಲ್ಲ. ನನ್ನ ಕೆಲವು ಶಬ್ದಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಮಗಳು ಹುಟ್ಟಿದಂದಿನಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ. ಮೆತ್ತಗೆ ಮಾತಾಡುವಷ್ಟು ತ್ರಾಣ ಉಳಿದಿಲ್ಲ.

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದು. ಕಾಲದ ಲೆಕ್ಕದಲ್ಲಿ ನೀವು ನನ್ನ ಮುತ್ತಜ್ಜಿಗಿಂತ ಹಿರಿಯರು. ಆದರೆ ಈ ಕಾಗದ ಕೈಗೆ ಬರುವಾಗ ನಿಮಗೆ ಇಪ್ಪತ್ತೆರಡು, ನನಗೆ ಇಪ್ಪತ್ತೇಳು. ಬೈಯುವುದಿದೆಯಾದ್ದರಿಂದ ತಂಗಿ ಅಂದುಕೊಳ್ಳುತ್ತೇನೆ.

ಕಾಲೇಜಿನಲ್ಲಿ ನಾನು ಹಳೆಯ ಧ್ವನಿಗಳ ಬಗ್ಗೆ ಓದಿದವಳು. ನಿಮ್ಮ ಮೊದಲ ಆಲ್ಬಂ ‘ಬಾಗಿಲಾ ಒದಿ’ ನಮಗೆ ಪಾಠಕ್ಕಿತ್ತು. ನಿಮ್ಮ ಬ್ಯಾಂಡಿನ ಇರ್ಫಾನ್ ಸವಣೂರ ಅವರ ಮನೆಯವರು ಜೋಪಾನವಾಗಿಟ್ಟ ಒಂದು ಪೆನ್‌ಡ್ರೈವ್‌ನಿಂದ ಅದರ ಮೂಲ ರೂಪ ನಮ್ಮ ಕಾಲೇಜಿಗೆ ಬಂದಿದೆ. ಮುಚ್ಚಿಹೋದ ಅರಳೆ ಗಿರಣಿಯೊಂದರಲ್ಲಿ ನಾಲ್ವರೂ ಒಟ್ಟಿಗೆ ನಿಂತು ನುಡಿಸಿದಿರಂತೆ; ಒಬ್ಬೊಬ್ಬರದನ್ನೇ ಬೇರೆಯಾಗಿ ರೆಕಾರ್ಡ್ ಮಾಡಿ ಅಂಟಿಸಲಿಲ್ಲವಂತೆ. ನಾಲ್ಕನೇ ಹಾಡು ಮುಗಿದ ಮೇಲೆ ನೀವು ಡ್ರಮ್ ಬಾರಿಸುವ ಇರ್ಫಾನ್ ಅವರ ಮೇಲೆ ಹರಿಹಾಯುವುದೂ ಅದರಲ್ಲಿದೆ: “ಲೇ ಇರ್ಫಾನ್, ಸಾವಕಾಶ ಬಾರ್ಸಲೇ! ನಿನ್ನ ಬಸ್ಸೇನ್ ಹೊಂಟೈತೇನು?” ಅವರೂ ಬಿಡುವುದಿಲ್ಲ: “ಮೊದ್ಲ ನೀ ಶ್ರುತಿಗೆ ಬಾರಬೇ, ಆಮ್ಯಾಲ ನಾ ಸಾವಕಾಶ ಬರ್ತೇನಿ.”

ಇನ್ನು ಆ ಆರನೇ ಹಾಡು. ಇರ್ಫಾನ್ ಒಂದು ಪೆಟ್ಟು ಮೊದಲೇ ಶುರು ಮಾಡಿಬಿಡುತ್ತಾರೆ. ನಿಮಗೆ ಸಾಲಿನ ನಡುವೆಯೇ ನಗು ಬಂದು ದನಿ ಒಡೆಯುತ್ತದೆ. ಆದರೆ ಯಾರೂ ನಿಲ್ಲಿಸುವುದಿಲ್ಲ. ಎರಡು ಗಿಟಾರು, ನಿಮ್ಮ ಕೂಗು, ಮೂರೂ ಬಿದ್ದೆವೋ ಎದ್ದೆವೋ ಎಂದು ಓಡಿ ಅವರನ್ನು ಹಿಡಿಯುತ್ತವೆ. ಹಾಡು ಮತ್ತೆ ಹಳೆಯ ವೇಗಕ್ಕೆ ಮರಳುವುದೇ ಇಲ್ಲ. ಕೇಳಿದವರಿಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಿಮಗೆ ಮಾತ್ರ ಆ ಹಾಡೆಂದರೆ ನಾಚಿಕೆ! ಇನ್ನೊಂದು ತಿಂಗಳಿಗೆ ಧ್ವನಿ ಶುಚಿ ಮಾಡುವ ಕಂಪನಿಯವರು ನಿಮ್ಮಲ್ಲಿಗೆ ಬರುತ್ತಾರೆ. ಆರನೇ ಹಾಡನ್ನು ತಿದ್ದಿಕೊಡುತ್ತೇವೆ, ಬದಲಿಗೆ ಅದರ ಮೇಲೆ ನಮ್ಮ ಯಂತ್ರ ಕಲಿಯಲಿ ಎನ್ನುತ್ತಾರೆ. ನೀವು “ಆತ್ ತಗೋರಿ” ಎಂದುಬಿಡುತ್ತೀರಿ. ತಲೆ ಎಲ್ಲಿಟ್ಟಿದ್ದಿರಿ ತಂಗೀ?

ಎಡವುವುದು ಎಂದರೇನು, ಒಡೆದ ದನಿಯನ್ನು ಎಲ್ಲಿ ಕತ್ತರಿಸಬೇಕು, ಅಲ್ಲಿ ಏನು ಮೆತ್ತಬೇಕು ಎಂದು ಯಂತ್ರ ಕಲಿತದ್ದು ನಿಮ್ಮ ಗಂಟಲಿನಿಂದ. ಮೊದಲು ಹಾಡುಗಳನ್ನು ತಿದ್ದಿತು. ಆಮೇಲೆ ಹೋಟೆಲು, ಆಸ್ಪತ್ರೆ. ಈಗ ಮನೆಮನೆಗೂ ಸಮಗೋಡೆ, ಅಂದರೆ ಎದ್ದ ಸದ್ದನ್ನೆಲ್ಲ ಹಿಡಿದು ನುಣ್ಣಗೆ ಮಾಡಿ ಬಿಡುವ ಗೋಡೆ. ಅದಿಲ್ಲದೆ ಮನೆ ಕಟ್ಟಲು ಪರವಾನಗಿಯಿಲ್ಲ. ಮೆತ್ತಗಿನ ಮಾತನ್ನಷ್ಟೇ ಹಾಗೇ ಬಿಡುತ್ತದೆ; ಪಾತ್ರೆ ಬಿದ್ದರೂ ಗುಂಯ್, ಕುಕ್ಕರ್ ಕೂಗಿದರೂ ಗುಂಯ್. ಪಕ್ಕದ ಮನೆಯ ಗಂಡಹೆಂಡಿರು ಜಗಳಾಡುತ್ತಿದ್ದಾರೆಂದು ತಿಳಿಯಬೇಕಾದರೆ ಕಿಟಕಿಯಿಂದ ಅವರ ಕೈ ನೋಡಬೇಕು. ಮದುವೆಯಲ್ಲಿ ವಾಲಗ ಊದಿದರೆ ಫ್ಯಾನ್ ತಿರುಗಿದಂತಿರುತ್ತದೆ. ನಮ್ಮ ಅತ್ತೆಯವರಿಗೆ ಇದೆಲ್ಲ ಬಲು ಇಷ್ಟ. “ಮನಿ ಅಂದ್ರ ಹಿಂಗಿರಬೇಕು ನೋಡ,” ಅನ್ನುತ್ತಾರೆ. ತೊಟ್ಟಿಲಿಗೆ ಇನ್ನೊಂದು ಪದರ ಹಾಕಿಸಿದವರೂ ಅವರೇ.

ಹೋದ ತಿಂಗಳು ನನ್ನ ಮಗಳು ಚಿಗರಿಗೆ ಕಿವಿ ನೋವು ಬಂತು. ಅವಳು ಚೀರಿದ್ದಾಳೆ. ನನಗೆ ಕೇಳಿದ್ದು ಹೊಟ್ಟೆ ತುಂಬಿದ ಕೂಸಿನ ಗುಂಯ್. ನನ್ನ ಗಂಡ “ಎಷ್ಟ್ ಆರಾಮ್ ಐತಿ ನೋಡ ಕೂಸು” ಅಂದ. ನಾನು ನಕ್ಕೆ. ನಕ್ಕು ಅಕ್ಕಿ ತೊಳೆಯಲು ಹೋದೆ. ಬಂದು ಎತ್ತಿಕೊಂಡಾಗ ಮೈ ಸುಡುತ್ತಿತ್ತು, ದಿಂಬಿನ ಮೇಲೆ ಕೀವು. ಆ ಕಿವಿ ಹೋಯಿತು, ಹೊರಗಿನ ಸದ್ದು ಇನ್ನು ಒಳಗೆ ಮುಟ್ಟುವುದಿಲ್ಲ ಎಂದರು ಡಾಕ್ಟರು. ಅದನ್ನೂ ಸಮಗೋಡೆಯ ಕೋಣೆಯಲ್ಲೇ ಹೇಳಿದರು. ನಾನು ಅತ್ತದ್ದೂ ಗುಂಯ್.

ಅಂದಿನಿಂದ ಅವಳ ಎದೆಯ ಮೇಲೆ ಕೈ ಇಟ್ಟುಕೊಂಡೇ ಇರುತ್ತೇನೆ. ಇನ್ನೊಂದು ಕಿವಿಯಾದರೂ ಉಳಿಯಬೇಕು. ಅವಳು ಅಳುತ್ತಿದ್ದಾಳೋ ಆಡುತ್ತಿದ್ದಾಳೋ ನನ್ನ ಅಂಗೈಗೆ ಮಾತ್ರ ಗೊತ್ತಾಗುತ್ತದೆ.

ಮೊನ್ನೆ ಕಾಲೇಜಿನಿಂದ ಎಲುಬುಕೇಳಿ ತಂದೆ. ಕಿವಿಯ ಹಿಂದಿನ ಎಲುಬಿಗೆ ಒತ್ತಿಡುವ ಗುಂಡಿ ಅದು. ಸದ್ದು ಎಲುಬಿನೊಳಗೇ ಹೋಗುವುದರಿಂದ ಗೋಡೆಯ ಆಟ ನಡೆಯುವುದಿಲ್ಲ. ಕೆಟ್ಟ ಕಿವಿಯ ಹಿಂದೆ ಅದನ್ನಿಟ್ಟು, ಅದರ ಜೋಡಿಯನ್ನು ನನ್ನ ಕಿವಿಯ ಹಿಂದಿಟ್ಟುಕೊಂಡು ನಿಮ್ಮ ಆಲ್ಬಂ ಹಚ್ಚಿದೆ. ಚಿಗರಿ ಕಣ್ಣರಳಿಸಿದಳು. ಇರ್ಫಾನ್ ಬಾರಿಸಿದಂತೆಲ್ಲ ಕಾಲು ಝಾಡಿಸಿದಳು. ಆರನೇ ಹಾಡಿನಲ್ಲಿ ನಿಮ್ಮ ದನಿ ಒಡೆಯಿತಲ್ಲ, ಅಲ್ಲಿ ಬಾಯಿ ತೆರೆದು ಕೂಗಿದಳು. ನನ್ನ ಕಿವಿಗೆ ಬಂದದ್ದು ಅದೇ ಗುಂಯ್. ಅಂಗೈಗೆ ಮಾತ್ರ ಅವಳ ಎದೆ ಡ್ರಮ್ಮಿನ ಹಾಗೆ ಬಡಿದದ್ದು ಗೊತ್ತಾಯಿತು.

ಈ ಕಾಗದ ತಿರುಗುಟಪಾಲಿನಲ್ಲಿ ಬರುತ್ತಿದೆ. ಹಿಂದಿನ ಕಾಲಕ್ಕೆ ಹೋಗುವ ಟಪಾಲು ಅದು, ಜನ್ಮಕ್ಕೊಂದೇ ಸಲ. ಅದರಿಂದ ಏನೂ ಬದಲಾಗುವುದಿಲ್ಲ ಎನ್ನುತ್ತಾರೆ. ನನ್ನ ಗೆಳತಿ ತನ್ನ ಅಜ್ಜನಿಗೆ, ಆ ಅಜ್ಜಿಯನ್ನು ಮದುವೆಯಾಗಬೇಡ ಎಂದು ಬರೆದಿದ್ದಳು. ಅವಳಿನ್ನೂ ಇದ್ದಾಳೆ, ಅಂದರೆ ಅಜ್ಜ ಕೇಳಲಿಲ್ಲ. ನೀವು ಕೇಳಬೇಕು.

ಅವರು ಬಂದರೆ ಚಹಾ ಕೊಟ್ಟು ಕಳಿಸಿ. ಹಾಡು ಕೊಡಬೇಡಿ. ಇರ್ಫಾನ್ ಎಡವಿದಾಗ ನೀವು ಮೂವರೂ ಅವರತ್ತ ಓಡಿದಿರಿ. ನನ್ನ ಮಗಳು ಚೀರಿದಾಗ ಮನೆತುಂಬ ಜನರಿದ್ದರು, ಒಬ್ಬರೂ ಓಡಲಿಲ್ಲ. ನಾನೂ ಓಡಲಿಲ್ಲ. ಓಡಿ ಬಾ ಎಂದು ಹೇಳುವ ದನಿಯನ್ನು ನೀವು ಯಾರಿಗೋ ಕೊಟ್ಟುಬಿಟ್ಟಿದ್ದಿರಿ.

ಇನ್ನೂ ಬೈಯುವುದಿತ್ತು. ಎಡಗೈ ಕೆಳಗೆ ಚಿಗರಿಯ ಎದೆ ನಡುಗತೊಡಗಿದೆ. ಎತ್ತಿಕೊಳ್ಳಬೇಕು, ಪೆನ್ನು ಇಡುತ್ತೇನೆ.

ಚಿಗರಿಯ ಅವ್ವ,
ಕುಮುದಾ ಅಣ್ಣಿಗೇರಿ